ಮೀನಿನ ರಕ್ಷಣಾ ಪಡೆಯಲ್ಲಿ ಯಾರ್ಯಾರಿದ್ದಾರೆ?

ಮೀನಿಗೂ ಇಂಜೆಕ್ಷನ್ ಕೊಡುತ್ತಾರೆ ಎಂದರೆ ಬಹಳ ಜನ ನಗುತ್ತಾರೆ. ಆದರೆ ನಾರ್ವೆಯಲ್ಲಿ ಸಾಕುವ ಸಾಲ್ಮನ್ ಮೀನುಗಳಿಗೆ ಅವು ಇನ್ನೂ ಚಿಕ್ಕದಾಗಿರುವಾಗಲೇ, ಸಮುದ್ರದ ಪಂಜರಕ್ಕೆ ಬಿಡುವ ಮೊದಲು, ಒಂದೊಂದಾಗಿ ಹೊಟ್ಟೆಗೆ ಲಸಿಕೆ ಚುಚ್ಚುತ್ತಾರೆ. ಇದು ಅಲ್ಲಿ ದಶಕಗಳಿಂದ ನಡೆದುಬಂದಿರುವ ಕ್ರಮ. 1987ರ ಸುಮಾರಿಗೆ ಅಲ್ಲಿನ ಮೀನು ಸಾಕಣೆಯಲ್ಲಿ ವರ್ಷಕ್ಕೆ ಸುಮಾರು 50 ಟನ್ ಆ್ಯಂಟಿಬಯಾಟಿಕ್ ಖರ್ಚಾಗುತ್ತಿತ್ತು. ಆಮೇಲೆ ಮೀನಿನ ಉತ್ಪಾದನೆ ಹತ್ತಾರು ಪಟ್ಟು ಬೆಳೆಯಿತು, ಆ್ಯಂಟಿಬಯಾಟಿಕ್ ಬಳಕೆ ಮಾತ್ರ ಇತ್ತೀಚಿನ ವರ್ಷಗಳಲ್ಲಿ ಒಂದು ಟನ್ನಿಗೂ ಕೆಳಗೆ ಇಳಿದಿದೆ. ಸಾಕಣೆಯ ಜಾಗಕ್ಕೆ ಆಗಾಗ ಬಿಡುವು ಕೊಡುವುದು, ದೊಡ್ಡ ಮೀನು ಮತ್ತು ಮರಿಗಳನ್ನು ಬೇರೆಬೇರೆ ಇಡುವುದು ಕೂಡ ಇದಕ್ಕೆ ಕಾರಣ. ಆದರೆ ದೊಡ್ಡ ಪಾಲು ಲಸಿಕೆಯದು.

ಲಸಿಕೆ ಕೆಲಸ ಮಾಡಬೇಕಾದರೆ ದೇಹಕ್ಕೆ ನೆನಪಿರಬೇಕು. ಒಮ್ಮೆ ಕಂಡ ರೋಗಾಣುವನ್ನು ಮತ್ತೆ ಕಂಡಾಗ ಗುರುತಿಸುವ ಜೀವಕೋಶಗಳು ಇರಬೇಕು. ಹಾಗಾದರೆ ಮೀನಿನಲ್ಲಿ ಅಂಥ ಕೋಶಗಳು ಯಾವುವು? ಎಷ್ಟು ಬಗೆ? ನಮ್ಮ ದೇಹದಲ್ಲಿ ಇರುವಂಥವೇ ಅಲ್ಲಿಯೂ ಇವೆಯೇ? ಈ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಸಿಗತೊಡಗಿದ್ದು ತೀರಾ ಈಚೆಗೆ. ಆ ಉತ್ತರಗಳ ಜೊತೆಗೆ, "ಮೀನು ಕೆಳಮಟ್ಟದ ಪ್ರಾಣಿ, ಅದರ ರೋಗನಿರೋಧಕ ವ್ಯವಸ್ಥೆ ನಮ್ಮದರ ಒರಟು ಮಾದರಿ" ಎಂಬ ಹಳೆಯ ಕಲ್ಪನೆಯೂ ಕುಸಿದುಬಿತ್ತು.

ನಮಗೂ ಮೀನಿಗೂ ಏನು ಸಮಾನ?

ಮೊದಲು ಹೋಲಿಕೆ ನೋಡೋಣ. ದವಡೆಯಿರುವ ಎಲ್ಲ ಬೆನ್ನೆಲುಬಿನ ಪ್ರಾಣಿಗಳೂ, ಅಂದರೆ ಶಾರ್ಕ್‌ನಿಂದ ಹಿಡಿದು ಮನುಷ್ಯರವರೆಗೆ, ಸುಮಾರು 45 ರಿಂದ 50 ಕೋಟಿ ವರ್ಷಗಳ ಹಿಂದಿನ ಪೂರ್ವಜರಿಂದ ಒಂದೇ ಬಗೆಯ ರಕ್ಷಣಾ ವ್ಯವಸ್ಥೆಯನ್ನು ಬಳುವಳಿಯಾಗಿ ಪಡೆದಿವೆ. ನಮ್ಮಂತೆಯೇ ಮೀನಿನಲ್ಲೂ ಪ್ರತಿಕಾಯ ತಯಾರಿಸುವ ಬಿ ಕೋಶಗಳಿವೆ. ಸೋಂಕು ತಗುಲಿದ ಕೋಶಗಳನ್ನು ಪತ್ತೆಹಚ್ಚುವ ಟಿ ಕೋಶಗಳಿವೆ. ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿ ಇದೆ, ಗುಲ್ಮವೂ ಇದೆ.

ವ್ಯತ್ಯಾಸಗಳೂ ಇವೆ. ನಮ್ಮಲ್ಲಿ ರಕ್ತಕಣಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಮೀನಿನಲ್ಲಿ ಆ ಕೆಲಸ ಮೂತ್ರಪಿಂಡದಲ್ಲಿ, ಮುಖ್ಯವಾಗಿ ಅದರ ಮುಂಭಾಗದಲ್ಲಿ, ನಡೆಯುತ್ತದೆ. ಜ್ವರ ಬಂದಾಗ ನಮ್ಮ ಕುತ್ತಿಗೆಯಲ್ಲಿ ಊದಿಕೊಳ್ಳುವ ದುಗ್ಧಗ್ರಂಥಿಗಳು ಮೀನಿಗಿಲ್ಲ. ಇನ್ನೊಂದು ಮುಖ್ಯ ಸಂಗತಿ: ಮೀನಿನ ದೇಹದ ಉಷ್ಣತೆ ನೀರಿನ ಜೊತೆ ಏರಿಳಿಯುತ್ತದೆ. ತಣ್ಣೀರಿನಲ್ಲಿ ಪ್ರತಿಕಾಯ ತಯಾರಿಯೂ ನಿಧಾನ.

ಹಳೆಯ ವಿಧಾನದ ತೊಡಕು

ಎಚ್‌ಐವಿ ಸೋಂಕಿತರ ವಿಷಯದಲ್ಲಿ "ಸಿಡಿ4 ಎಣಿಕೆ" ಎಂಬ ಮಾತನ್ನು ನೀವು ಕೇಳಿರಬಹುದು. ಸಿಡಿ4 ಎನ್ನುವುದು ಸಹಾಯಕ ಟಿ ಕೋಶಗಳ ಮೇಲ್ಮೈಯಲ್ಲಿರುವ ಒಂದು ಪ್ರೋಟೀನ್. ಅದೊಂದು ಗುರುತುಪಟ್ಟಿ ಇದ್ದಂತೆ. ಪ್ರಯೋಗಾಲಯದಲ್ಲಿ ಅದಕ್ಕೆ ಮಾತ್ರ ಅಂಟಿಕೊಳ್ಳುವ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯವೊಂದನ್ನು ರಕ್ತಕ್ಕೆ ಬೆರೆಸುತ್ತಾರೆ. ಹೊಳೆಯುವ ಕೋಶಗಳನ್ನು ಯಂತ್ರ ಎಣಿಸುತ್ತದೆ. ಮನುಷ್ಯರ ಬಿಳಿ ರಕ್ತಕಣಗಳ ಮೇಲೆ ಇಂಥ 350ಕ್ಕೂ ಹೆಚ್ಚು ಗುರುತುಗಳಿಗೆ ಈಗ ಅಂಕಿ ಕೊಟ್ಟಿದ್ದಾರೆ.

ಮನುಷ್ಯರಿಗೆ ಮತ್ತು ಇಲಿಗಳಿಗೆ ಇಂಥ ಪ್ರತಿಕಾಯಗಳು ಅಂಗಡಿಯಲ್ಲಿ ಸಿಗುತ್ತವೆ. ಮೀನಿಗೆ ಅವು ಹೊಂದುವುದಿಲ್ಲ. ಕೋಟ್ಯಂತರ ವರ್ಷಗಳಲ್ಲಿ ಆ ಪ್ರೋಟೀನುಗಳ ಆಕಾರ ಬದಲಾಗಿದೆ. ಒಂದು ಜಾತಿಯ ಮೀನಿಗಾಗಿ ಹೊಸದಾಗಿ ತಯಾರಿಸಿದ ಪ್ರತಿಕಾಯ ಇನ್ನೊಂದು ಜಾತಿಗೆ ಹೊಂದುತ್ತದೆಂಬ ಭರವಸೆಯೂ ಇಲ್ಲ. ಮೀನಿನ ಜಾತಿಗಳೋ ಮೂವತ್ತು ಸಾವಿರಕ್ಕೂ ಹೆಚ್ಚು! ಸಾಲದ್ದಕ್ಕೆ, ಮೀನಿನ ಕೆಂಪು ರಕ್ತಕಣಗಳಲ್ಲೂ ನ್ಯೂಕ್ಲಿಯಸ್ ಇರುವುದರಿಂದ ಆಸ್ಪತ್ರೆಗಳಲ್ಲಿ ರಕ್ತಕಣ ಎಣಿಸುವ ಯಂತ್ರಗಳು ಕೆಂಪು ಯಾವುದು, ಬಿಳಿ ಯಾವುದು ಎಂದು ಗೊಂದಲಕ್ಕೀಡಾಗುತ್ತವೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಗುರುತುಪಟ್ಟಿ ಹಿಡಿದು ಹುಡುಕಿದರೆ, ಆ ಗುರುತು ಇರುವವರು ಮಾತ್ರ ಸಿಗುತ್ತಾರೆ. ನಮಗೆ ಗೊತ್ತೇ ಇಲ್ಲದ ಕೋಶವೊಂದು ಮೀನಿನಲ್ಲಿದ್ದರೆ ಅದು ಎಣಿಕೆಗೆ ಬರುವುದೇ ಇಲ್ಲ.

ಸೀಕ್ವೆನ್ಸಿಂಗ್ ಏನು ಮಾಡುತ್ತದೆ?

ಡಿಎನ್‌ಎ ಅಥವಾ ಆರ್‌ಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದುವುದೇ ಸೀಕ್ವೆನ್ಸಿಂಗ್. ಇದಕ್ಕೆ ಯಾವ ಗುರುತುಪಟ್ಟಿಯೂ ಬೇಕಿಲ್ಲ. ಇಲಿಯಾದರೂ ಮೀನಾದರೂ ಅದೇ ನಾಲ್ಕು ಅಕ್ಷರ, ಅದೇ ಯಂತ್ರ. ರೋಗನಿರೋಧಕ ಕೋಶಗಳ ವಿಷಯದಲ್ಲಿ ಇದನ್ನು ಎರಡು ಬೇರೆಬೇರೆ ಪ್ರಶ್ನೆಗಳಿಗೆ ಬಳಸುತ್ತಾರೆ.

ಮೊದಲನೆಯದು: ಒಂದು ಮೀನಿನ ಬಳಿ ಎಷ್ಟು ಬಗೆಯ ಪ್ರತಿಕಾಯಗಳಿವೆ?

ಪ್ರತಿಕಾಯಗಳ ವೈವಿಧ್ಯ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ನಮ್ಮ ಕಾಗುಣಿತವನ್ನೇ ನೆನಪಿಸಿಕೊಳ್ಳಿ. ಒಂದು ವ್ಯಂಜನ, ಅದಕ್ಕೊಂದು ಒತ್ತು, ಅದಕ್ಕೊಂದು ಸ್ವರ. ಕೆಲವೇ ಚಿಹ್ನೆಗಳಿಂದ ಸಾವಿರಾರು ಅಕ್ಷರಗಳು. ಬಿ ಕೋಶವೂ ಹೀಗೆಯೇ ವಿ, ಡಿ, ಜೆ ಎಂಬ ಮೂರು ಗುಂಪಿನ ಡಿಎನ್‌ಎ ತುಂಡುಗಳಲ್ಲಿ ಒಂದೊಂದನ್ನು ಆರಿಸಿ, ಕತ್ತರಿಸಿ, ಜೋಡಿಸಿಕೊಳ್ಳುತ್ತದೆ. ಜೋಡಿಸುವ ಸಂದಿನಲ್ಲಿ ಕೆಲವು ಅಕ್ಷರಗಳು ಉದುರಿಹೋಗುತ್ತವೆ, ಕೆಲವು ಹೊಸದಾಗಿ ಸೇರುತ್ತವೆ. ಹೀಗಾಗಿ ವೈವಿಧ್ಯ ಇನ್ನೂ ಹೆಚ್ಚುತ್ತದೆ. ಪ್ರತಿಕಾಯಗಳ ಹಿಂದಿನ ಈ ಡಿಎನ್‌ಎ ಮರುಜೋಡಣೆಯನ್ನು ತೋರಿಸಿಕೊಟ್ಟ ಸುಸುಮು ಟೊನೆಗಾವಾ ಅವರಿಗೆ 1987ರ ನೊಬೆಲ್ ಪ್ರಶಸ್ತಿ ಸಂದಿತು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಇಲ್ಲಿ ಆ ಮಾತು ನಡೆಯುವುದಿಲ್ಲ. ಈ ಪಾತ್ರೆಯಲ್ಲಿ ಒಂದೊಂದು ಅಗುಳೂ ಬೇರೆ! ಮನುಷ್ಯರಿಂದ ಕೆಲವು ಮಿಲಿಲೀಟರ್ ರಕ್ತ ತೆಗೆದು ಓದಿದರೆ ಸಿಗುವುದು ಒಂದು ಚೂರು ಮಾತ್ರ. ಇಡೀ ಪಾತ್ರೆಯನ್ನು ಎಣಿಸಬೇಕಾದರೆ ಪಾತ್ರೆ ಚಿಕ್ಕದಿರಬೇಕು. ಅದಕ್ಕೆ ಒದಗಿಬಂದದ್ದು ಜೀಬ್ರಾ ಮೀನು.

ಮೈಮೇಲೆ ನೀಲಿ ಪಟ್ಟೆಗಳಿರುವ, ಬೆರಳಿನಷ್ಟು ಉದ್ದದ ಈ ಮೀನು ನಮ್ಮ ಉಪಖಂಡದ್ದೇ. ಇದನ್ನು 1822ರಲ್ಲಿ ಗಂಗಾ ನದಿಯ ಮೀನುಗಳ ಕುರಿತ ತನ್ನ ಪುಸ್ತಕದಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪುವಿನ ಪತನದ ನಂತರ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಬುಕಾನನ್ ಕೂಡ ಇವನೇ. ಹ್ಯಾಮಿಲ್ಟನ್ ಎನ್ನುವುದು ಅವನು ಆಮೇಲೆ ಇಟ್ಟುಕೊಂಡ ಹೆಸರು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಈ ಮೀನನ್ನು ಪ್ರಯೋಗಾಲಯಕ್ಕೆ ಒಗ್ಗಿಸಿದರು. 2013ರಲ್ಲಿ ಇದರ ಜೀನೋಮ್‌ನ ಪೂರ್ಣ ವಿವರ ಪ್ರಕಟವಾದಾಗ, ಮನುಷ್ಯರ ಸುಮಾರು ಶೇ. 70ರಷ್ಟು ಜೀನ್‌ಗಳಿಗೆ ಇದರಲ್ಲಿ ಸರಿಸಾಟಿಗಳಿವೆ ಎಂದು ತಿಳಿಯಿತು.

2009ರಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಕ್ವೇಕ್ ಅವರ ತಂಡ 14 ಜೀಬ್ರಾ ಮೀನುಗಳನ್ನು ತೆಗೆದುಕೊಂಡು ಒಂದೊಂದು ಮೀನಿನ ಪ್ರತಿಕಾಯಗಳ ಸಂಗ್ರಹವನ್ನೂ ಓದಿತು. ಒಂದು ಜೀಬ್ರಾ ಮೀನಿನಲ್ಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಸುಮಾರು 3 ಲಕ್ಷ. ಮನುಷ್ಯರಲ್ಲಿ ಇದರ ಲಕ್ಷ ಪಟ್ಟು. ಆ ತಂಡ ಪರಿಶೀಲಿಸಿದ ಪ್ರತಿಕಾಯದ ಭಾಗಕ್ಕೆ ಈ ಮೀನಿನಲ್ಲಿ 39 ವಿ, 5 ಡಿ, 5 ಜೆ ತುಂಡುಗಳಿವೆ. ಗುಣಿಸಿದರೆ 975 ಜೋಡಣೆಗಳು. ಒಂದೊಂದು ಮೀನೂ ಇವುಗಳಲ್ಲಿ ಶೇ. 50ರಿಂದ 86ರಷ್ಟನ್ನು ನಿಜಕ್ಕೂ ಬಳಸುತ್ತಿತ್ತು. ಬಳಕೆ ಮಾತ್ರ ಸಮನಾಗಿರಲಿಲ್ಲ. ಕೆಲವು ಜೋಡಣೆಗಳು ಹೇರಳ, ಬಹುಪಾಲು ಅಪರೂಪ. ಬೇರೆಬೇರೆ ಮೀನುಗಳಲ್ಲಿ ಅಚ್ಚು ಒಂದೇ ಬಗೆಯ ಪ್ರತಿಕಾಯಗಳೂ ಸಿಕ್ಕವು. ಅಂದರೆ ಈ ಜೋಡಣೆ ಪೂರಾ ಲಾಟರಿಯಲ್ಲ, ಅದರಲ್ಲೂ ಒಂದು ಒಲವು ಇದೆ. ಒಂದು ಪ್ರಾಣಿಯ ಪ್ರತಿಕಾಯಗಳ ಸಂಗ್ರಹವನ್ನು ಇಷ್ಟು ಸಮಗ್ರವಾಗಿ ನೋಡಿದ್ದು ಅದೇ ಮೊದಲು.

ಎರಡನೆಯದು: ಒಂದೊಂದು ಕೋಶವೂ ಏನು ಮಾಡುತ್ತಿದೆ?

ದೇಹದ ಎಲ್ಲ ಕೋಶಗಳಲ್ಲೂ ಬಹುತೇಕ ಅದೇ ಡಿಎನ್‌ಎ ಇರುತ್ತದೆ. ಯಾವ ಜೀನ್‌ಗಳು ಚಾಲೂ ಇವೆ ಎನ್ನುವುದರ ಮೇಲೆ ಕೋಶದ ಕಸುಬು ನಿರ್ಧಾರವಾಗುತ್ತದೆ. ಚಾಲೂ ಇರುವ ಜೀನ್ ಆರ್‌ಎನ್‌ಎ ಪ್ರತಿಗಳನ್ನು ತಯಾರಿಸುತ್ತದೆ. ಹಾಗಾಗಿ ಆರ್‌ಎನ್‌ಎ ಓದಿದರೆ ಕೋಶದ ಕಸುಬು ತಿಳಿಯುತ್ತದೆ.

ಮೊದಲೆಲ್ಲ ಇಡೀ ಗುಲ್ಮವನ್ನೋ ಮೂತ್ರಪಿಂಡವನ್ನೋ ಅರೆದು ಒಟ್ಟಿಗೆ ಓದುತ್ತಿದ್ದರು. ರುಬ್ಬಿದ ಚಟ್ನಿಯಲ್ಲಿ ಕಾಯಿ ಎಷ್ಟು, ಕಡಲೆ ಎಷ್ಟು ಎಂದು ರುಚಿ ನೋಡಿ ಊಹಿಸಿದಂತೆ. ಈಗ ಒಂದೊಂದು ಕೋಶವನ್ನೂ ಬೇರೆಯಾಗಿ ಓದಲು ಸಾಧ್ಯ. ಇದಕ್ಕೆ ಬಳಸುವ ಒಂದು ಜನಪ್ರಿಯ ವಿಧಾನ ಹೀಗಿದೆ. ಕೋಶಗಳನ್ನು ಬಿಡಿಬಿಡಿಯಾಗಿಸಿ, ಎಣ್ಣೆಯಲ್ಲಿ ತೇಲುವ ಅತಿ ಸಣ್ಣ ನೀರಹನಿಗಳಲ್ಲಿ ಒಂದೊಂದನ್ನು ಕೂರಿಸುತ್ತಾರೆ. ಪ್ರತಿ ಹನಿಯಲ್ಲೂ ಒಂದು ಮಣಿ ಇರುತ್ತದೆ. ಆ ಮಣಿಯಲ್ಲಿ ಬೇರೆಲ್ಲೂ ಇಲ್ಲದ ಒಂದು ಡಿಎನ್‌ಎ ಸಂಕೇತವಿರುತ್ತದೆ. ಕೋಶ ಒಡೆದಾಗ ಹೊರಬರುವ ಆರ್‌ಎನ್‌ಎಯ ನಕಲುಗಳಿಗೆಲ್ಲ ಆ ಸಂಕೇತ ಅಂಟಿಕೊಳ್ಳುತ್ತದೆ, ಲಕೋಟೆಯ ಮೇಲೆ ಪಿನ್‌ಕೋಡ್ ಬರೆದ ಹಾಗೆ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಸುರಿದು ಓದಿದರೂ ಯಾವುದು ಯಾವ ಕೋಶದ್ದೆಂದು ಕಂಪ್ಯೂಟರ್ ವಿಂಗಡಿಸುತ್ತದೆ. ಒಂದೇ ಬಗೆಯ ಜೀನ್‌ಗಳು ಚಾಲೂ ಇರುವ ಕೋಶಗಳು ಒಂದು ಗುಂಪಾಗುತ್ತವೆ. ಹೆಸರು ಗೊತ್ತಿಲ್ಲದ ಗುಂಪೂ ಎಣಿಕೆಗೆ ಸಿಗುತ್ತದೆ. ಈ ವಿಧಾನದ ದೊಡ್ಡ ಲಾಭ ಇದೇ.

2017ರಲ್ಲಿ ಹಲವು ತಂಡಗಳು ಜೀಬ್ರಾ ಮೀನಿನ ರಕ್ತ ಮತ್ತು ರೋಗನಿರೋಧಕ ಕೋಶಗಳನ್ನು ಹೀಗೆ ಒಂದೊಂದಾಗಿ ಓದಿದವು. ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ವಿಜ್ಞಾನಿಗಳೂ ಭಾಗವಹಿಸಿದ್ದ ಒಂದು ಅಧ್ಯಯನ ಟಿ ಕೋಶಗಳ ಜೊತೆಗೆ, ನಮ್ಮ 'ನ್ಯಾಚುರಲ್ ಕಿಲ್ಲರ್' ಕೋಶಗಳನ್ನು ಹೋಲುವ ಹೊಸ ಗುಂಪೊಂದನ್ನು ಕಂಡಿತು. ಇನ್ನೊಂದು ಸ್ವಾರಸ್ಯಕರ ಅಂಶವೂ ಅಲ್ಲಿ ಹೊರಬಿತ್ತು. ಈ ಕಿಲ್ಲರ್ ಕೋಶಗಳ ಹೊರಮೈಯ ಪ್ರೋಟೀನುಗಳ ಜೀನ್‌ಗಳು ವಿಕಾಸದ ಹಾದಿಯಲ್ಲಿ ಬಹಳ ಬೇಗ ಬದಲಾಗುತ್ತವೆ, ಟಿ ಕೋಶಗಳಲ್ಲಿ ಅಷ್ಟಾಗಿ ಬದಲಾಗುವುದಿಲ್ಲ. ಕೋಶದ ಒಳಗೆ ಕೆಲಸ ಮಾಡುವ ಜೀನ್‌ಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹೊರಗಿನ ಗುರುತುಪಟ್ಟಿ ನಂಬಿ ಹೊರಟವರಿಗೆ ಮೀನಿನಲ್ಲಿ ಈ ಕೋಶಗಳು ಯಾಕೆ ಸಿಗುತ್ತಿರಲಿಲ್ಲ ಎನ್ನುವುದು ಇದರಿಂದ ಅರ್ಥವಾಗುತ್ತದೆ.

ಮರುವರ್ಷ, ಟಿ ಮತ್ತು ಬಿ ಕೋಶಗಳೇ ಇಲ್ಲದಂತೆ ಜೀನ್ ಕೆಡಿಸಿದ ಜೀಬ್ರಾ ಮೀನಿನ ಕರುಳನ್ನು ಪರೀಕ್ಷಿಸಿದ ಇನ್ನೊಂದು ತಂಡಕ್ಕೆ, ಸಸ್ತನಿಗಳಲ್ಲಿ ಮಾತ್ರ ಚೆನ್ನಾಗಿ ಗೊತ್ತಿದ್ದ 'ಸಹಜ ಲಿಂಫಾಯ್ಡ್ ಕೋಶ'ಗಳನ್ನು ಹೋಲುವ ಕೋಶಗಳು ಸಿಕ್ಕವು.

ಸಿಡಿ4 ಇಲ್ಲದ ಕಾಡ್ ಮೀನು

ಇಲ್ಲಿಯವರೆಗೆ ಹೇಳಿದ್ದೆಲ್ಲ "ನಮ್ಮಲ್ಲಿರುವುದು ಮೀನಿನಲ್ಲೂ ಇದೆ" ಎಂಬ ಕಥೆ. ಇನ್ನು ಅದರ ಉಲ್ಟಾ ಕಥೆ.

ಉತ್ತರ ಅಟ್ಲಾಂಟಿಕ್ ಸಾಗರದ ಕಾಡ್ ಮೀನಿನ ರಕ್ತದಲ್ಲಿ ಪ್ರತಿಕಾಯ ಧಾರಾಳವಾಗಿದೆ. ಆದರೆ ಲಸಿಕೆ ಕೊಟ್ಟಾಗ ಆ ರೋಗಾಣುವಿಗೇ ಮೀಸಲಾದ ಪ್ರತಿಕಾಯ ಅಷ್ಟಾಗಿ ಹೆಚ್ಚುವುದಿಲ್ಲ. ಯಾಕೆ ಎನ್ನುವುದು ಬಹುಕಾಲ ಒಗಟಾಗಿತ್ತು. 2011ರಲ್ಲಿ ನಾರ್ವೆಯ ವಿಜ್ಞಾನಿಗಳ ನೇತೃತ್ವದಲ್ಲಿ ಕಾಡ್ ಮೀನಿನ ಜೀನೋಮ್ ಓದಿದಾಗ ಉತ್ತರ ಸಿಕ್ಕಿತು. ಸಿಡಿ4 ಜೀನ್ ಅದರಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲೇ ಇರಲಿಲ್ಲ! ಸಹಾಯಕ ಟಿ ಕೋಶಗಳಿಗೆ ರೋಗಾಣುವಿನ ತುಣುಕುಗಳನ್ನು ತೋರಿಸುವ 'ಎಂಎಚ್‌ಸಿ 2' ಎಂಬ ವ್ಯವಸ್ಥೆಯೂ ಕಾಣೆಯಾಗಿತ್ತು.

ಇದು ಎಷ್ಟು ದೊಡ್ಡ ಸಂಗತಿ ಎಂದು ಯೋಚಿಸಿ. ಮನುಷ್ಯರಲ್ಲಿ ಸಿಡಿ4 ಕೋಶಗಳ ಸಂಖ್ಯೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 200ಕ್ಕಿಂತ ಕೆಳಗಿಳಿದರೆ ಏಡ್ಸ್ ಹಂತ ತಲುಪಿದಂತೆ. ಸಾಮಾನ್ಯ ಸೋಂಕೂ ಆಗ ಪ್ರಾಣಕ್ಕೆ ಕುತ್ತು. ಕಾಡ್ ಮೀನಿಗೆ ಆ ವ್ಯವಸ್ಥೆಯೇ ಇಲ್ಲ, ಆದರೂ ಸೋಂಕುಗಳ ನಡುವೆಯೇ ಸಮುದ್ರದಲ್ಲಿ ಬದುಕಿ ಬಾಳುತ್ತಿದೆ. ಅದರ ಜೀನೋಮ್‌ನಲ್ಲಿ 'ಎಂಎಚ್‌ಸಿ 1' ಎಂಬ ಇನ್ನೊಂದು ವ್ಯವಸ್ಥೆಯ ಜೀನ್‌ಗಳು ಬಹಳಷ್ಟು ಪ್ರತಿಗಳಾಗಿ ಹೆಚ್ಚಿವೆ. ರೋಗಾಣುಗಳ ಸಾಮಾನ್ಯ ಲಕ್ಷಣಗಳನ್ನು ಗುರುತಿಸುವ ಜೀನ್‌ಗಳಲ್ಲೂ ಬದಲಾವಣೆಯಾಗಿದೆ.

2016ರಲ್ಲಿ 66 ಜಾತಿಯ ಮೀನುಗಳ ಜೀನೋಮ್ ಓದಿ ಹೋಲಿಸಿದಾಗ, ಕಾಡ್ ಮತ್ತು ಅದರ ದಾಯಾದಿಗಳ ಪೂರ್ವಜರು ಸುಮಾರು 10 ಕೋಟಿ ವರ್ಷಗಳ ಹಿಂದೆಯೇ ಈ ವ್ಯವಸ್ಥೆಯನ್ನು ಕಳೆದುಕೊಂಡಿದ್ದರು ಎಂದು ತಿಳಿಯಿತು. ಅಂದರೆ ಕಾಡ್ ಮೀನು ಏಣಿಯ ಕೆಳಮೆಟ್ಟಿಲಲ್ಲಿ ನಿಂತುಬಿಟ್ಟ ಪ್ರಾಣಿಯಲ್ಲ. ಇದ್ದದ್ದನ್ನು ಬಿಟ್ಟು, ಬೇರೆ ದಾರಿಯಲ್ಲಿ ನಡೆದ ಪ್ರಾಣಿ.

ಆಳಸಮುದ್ರದ ಆ್ಯಂಗ್ಲರ್ ಮೀನಿನ ಕಥೆ ಇನ್ನೂ ವಿಚಿತ್ರ. ಕೆಲವು ಪ್ರಭೇದಗಳಲ್ಲಿ ಪುಟ್ಟ ಗಂಡು ಮೀನು ದೊಡ್ಡ ಹೆಣ್ಣಿನ ಮೈಗೆ ಕಚ್ಚಿಕೊಂಡು ಶಾಶ್ವತವಾಗಿ ಬೆಸೆದುಹೋಗುತ್ತದೆ. ಇಬ್ಬರ ರಕ್ತನಾಳಗಳೂ ಕೂಡಿಕೊಳ್ಳುತ್ತವೆ. ನಮ್ಮಲ್ಲಾದರೆ ಬೇರೆಯವರ ಕಿಡ್ನಿ ಕಸಿ ಮಾಡಿದಾಗ ದೇಹ ಅದನ್ನು ತಿರಸ್ಕರಿಸದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು. ಈ ಹೆಣ್ಣು ಮೀನು ಹೇಗೆ ಸಹಿಸುತ್ತದೆ? 2020ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ಥಾಮಸ್ ಬೋಮ್ ಮತ್ತು ಸಂಗಡಿಗರು ಇವುಗಳ ಜೀನೋಮ್ ಓದಿದಾಗ, ಶಾಶ್ವತವಾಗಿ ಬೆಸೆದುಕೊಳ್ಳುವ ಪ್ರಭೇದಗಳಲ್ಲಿ ರೋಗನಿರೋಧಕ ವ್ಯವಸ್ಥೆಯ ಪ್ರಮುಖ ಜೀನ್‌ಗಳೇ ಕೆಟ್ಟುಹೋಗಿದ್ದವು. ಕೆಲವುಗಳಲ್ಲಂತೂ ಮೇಲೆ ಹೇಳಿದ ವಿ, ಡಿ, ಜೆ ಜೋಡಣೆಗೆ ಬೇಕಾದ 'ರಾಗ್' ಜೀನ್‌ಗಳೂ ಇರಲಿಲ್ಲ. ನಮ್ಮ ಮಗುವೊಂದು ಈ ದೋಷದೊಂದಿಗೆ ಹುಟ್ಟಿದರೆ ಅಸ್ಥಿಮಜ್ಜೆ ಕಸಿಯಂಥ ಚಿಕಿತ್ಸೆ ಇಲ್ಲದೆ ಬದುಕುವುದು ಕಷ್ಟ. ಆ ಮೀನು ಬದುಕಿದೆ.

ನಮ್ಮ ಕೆರೆಗಳಿಗೂ ಇದಕ್ಕೂ ಏನು ಸಂಬಂಧ?

ಸಾಲ್ಮನ್ ದುಬಾರಿ ಮೀನು. ಒಂದೊಂದಕ್ಕೂ ಇಂಜೆಕ್ಷನ್ ಚುಚ್ಚುವ ಖರ್ಚು ಅಲ್ಲಿ ಗಿಟ್ಟುತ್ತದೆ. ನಮ್ಮ ಕೆರೆ, ಹೊಂಡಗಳಿಗೆ ಸಾವಿರಗಟ್ಟಲೆ ಬಿತ್ತುವ ರೋಹು, ಕಾಟ್ಲಾ, ಮೃಗಾಲ್ ಮರಿಗಳಿಗೆ ಹಾಗೆ ಮಾಡಲು ಸಾಧ್ಯವಿಲ್ಲ. ಇವುಗಳಿಗೆ ಲಸಿಕೆ ಕೊಡುವುದಾದರೆ ಮೇವಿನಲ್ಲಿ ಬೆರೆಸಬೇಕು, ಇಲ್ಲವೇ ಲಸಿಕೆ ಬೆರೆಸಿದ ನೀರಿನಲ್ಲಿ ಮುಳುಗಿಸಿ ತೆಗೆಯಬೇಕು. ಆಗ ಲಸಿಕೆಯನ್ನು ಮೊದಲು ಎದುರುಗೊಳ್ಳುವುದು ಕರುಳು, ಕಿವಿರು ಮತ್ತು ಚರ್ಮದ ಕೋಶಗಳು.

ಅಲ್ಲಿನ ಪಡೆಯೇ ಬೇರೆ. 2005ರಲ್ಲಿ ಜೀಬ್ರಾ ಮೀನು ಮತ್ತು ಟ್ರೌಟ್‌ಗಳಲ್ಲಿ ನಮ್ಮಲ್ಲಿಲ್ಲದ ಹೊಸ ಬಗೆಯ ಪ್ರತಿಕಾಯವೊಂದು ಪತ್ತೆಯಾಯಿತು. ಇದನ್ನು ಐಜಿಟಿ ಅಥವಾ ಐಜಿಝಡ್ ಎನ್ನುತ್ತಾರೆ. ಐದು ವರ್ಷಗಳ ನಂತರ, ಟ್ರೌಟ್ ಮೀನಿನ ಕರುಳಿನ ರಕ್ಷಣೆಯಲ್ಲಿ ಇದರದ್ದೇ ಮುಖ್ಯ ಪಾತ್ರ ಎಂದು ತಿಳಿಯಿತು. ಹೊಟ್ಟೆಗೆ ಚುಚ್ಚಿದ ಲಸಿಕೆ ರಕ್ತದಲ್ಲಿ ಪ್ರತಿಕಾಯ ಹೆಚ್ಚಿಸಿತೆಂದರೆ ಕಿವಿರಿಗೂ ರಕ್ಷಣೆ ಸಿಕ್ಕಿತು ಎಂದಲ್ಲ. ಹೀಗಾಗಿ ರಕ್ತ ಪರೀಕ್ಷಿಸಿ "ಲಸಿಕೆ ಫಲಿಸಿತು" ಅಥವಾ "ಫಲಿಸಲಿಲ್ಲ" ಎಂದು ತೀರ್ಮಾನಿಸಿದರೆ ತಪ್ಪಾಗಬಹುದು. ಕಿವಿರಿನ ಯಾವ ಕೋಶಗಳು ಲಸಿಕೆಗೆ ಸ್ಪಂದಿಸಿದವು ಎಂದು ಒಂದೊಂದಾಗಿ ಓದಿ ತಿಳಿಯುವುದು ಇಲ್ಲಿ ನೆರವಾಗುತ್ತದೆ.

ಇದು ಬರೀ ಕುತೂಹಲದ ವಿಷಯವಲ್ಲ. 1988ರಲ್ಲಿ ಈಶಾನ್ಯ ಭಾರತಕ್ಕೆ ಕಾಲಿಟ್ಟ ಹುಣ್ಣು ರೋಗ ಮುಂದೆ ದೇಶದ ಉದ್ದಗಲಕ್ಕೂ ಹರಡಿ ಮೀನುಗಾರರ ಹೊಟ್ಟೆಗೆ ಹೊಡೆಯಿತು. ಏರೋಮೊನಾಸ್ ಬ್ಯಾಕ್ಟೀರಿಯಾದ ಕಾಟ ರೋಹು ಸಾಕುವವರಿಗೆ ಇಂದಿಗೂ ಇದೆ. ಲಸಿಕೆ ಇಲ್ಲದಲ್ಲಿ ಸುಲಭವಾಗಿ ಕೈಗೆ ಸಿಗುವುದು ಆ್ಯಂಟಿಬಯಾಟಿಕ್. ಅದು ನೀರಿಗೆ ಬಿದ್ದಷ್ಟೂ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಆ ಬ್ಯಾಕ್ಟೀರಿಯಾಗಳು ಕೆರೆಯಲ್ಲೇ ಉಳಿಯುತ್ತವೆಂದು ಯಾರೂ ಹೇಳಲಾರರು.

ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ನಾರ್ವೆಯ ನೆರವಿನಿಂದ ಬೇಗ ಬೆಳೆಯುವ 'ಜಯಂತಿ ರೋಹು' ತಳಿ ರೂಪಿಸಿದೆ. ಏರೋಮೊನಾಸ್ ತಾಳಿಕೊಳ್ಳುವ ರೋಹು ವಂಶಗಳ ಆಯ್ಕೆಯಲ್ಲೂ ಅಲ್ಲಿ ಕೆಲಸ ನಡೆದಿದೆ. ರೋಹು ಜೀನೋಮ್ ಕೂಡ ಪ್ರಕಟವಾಗಿದೆ. ರೋಗ ತಾಳಿಕೊಳ್ಳುವ ಮೀನಿಗೂ ತಾಳದ ಮೀನಿಗೂ ಯಾವ ಕೋಶಗಳಲ್ಲಿ ವ್ಯತ್ಯಾಸವಿದೆ ಎಂದು ಕೇಳಲು ಇದು ಬುನಾದಿ.

ಲಸಿಕೆ ಹಾಕಿದ ಮೀನು ತಿಂದರೆ ನಮಗೇನಾದರೂ ಆಗುತ್ತದೆಯೇ? ಈ ಪ್ರಶ್ನೆ ಸಹಜ. ಸಾಲ್ಮನ್‌ಗೆ ಕೊಡುವ ಲಸಿಕೆಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಕೊಂದ ರೋಗಾಣು. ಅದನ್ನು ಕೊಡುವುದು ಮರಿಗೆ, ಮೀನು ತಟ್ಟೆಗೆ ಬರುವುದು ತಿಂಗಳುಗಟ್ಟಲೆ ಕಳೆದ ಮೇಲೆ. ಮೀನಿನ ಪ್ರತಿಕಾಯಗಳೂ ಪ್ರೋಟೀನುಗಳೇ. ಬೇಯಿಸಿದಾಗ ಕೆಡುತ್ತವೆ, ಹೊಟ್ಟೆಯಲ್ಲಿ ಜೀರ್ಣವಾಗುತ್ತವೆ.

ಹೆಸರಿಡುವಾಗ ಎಚ್ಚರ

ಸೀಕ್ವೆನ್ಸಿಂಗ್ ಮಾಡಿದರೆ ಎಲ್ಲವೂ ತಿಳಿದುಬಿಡುತ್ತದೆ ಎನ್ನುವುದೂ ಒಂದು ತಪ್ಪು ಕಲ್ಪನೆಯೇ. ಯಾವ ಜೀನ್ ಚಾಲೂ ಇದೆ ಎಂದು ಗೊತ್ತಾದ ಮಾತ್ರಕ್ಕೆ ಕೋಶ ನಿಜವಾಗಿ ಏನು ಮಾಡುತ್ತದೆ ಎಂದು ಗೊತ್ತಾಗುವುದಿಲ್ಲ. ನ್ಯೂಟ್ರೋಫಿಲ್‌ನಂಥ ನಾಜೂಕು ಕೋಶಗಳಲ್ಲಿ ಆರ್‌ಎನ್‌ಎ ಕಡಿಮೆ, ಅವು ಬೇಗ ಒಡೆಯುತ್ತವೆ. ಹೀಗಾಗಿ ಅವು ಲೆಕ್ಕದಿಂದ ತಪ್ಪಿಸಿಕೊಳ್ಳಬಹುದು. ಸಾಲ್ಮನ್, ಕಾರ್ಪ್‌ನಂಥ ಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮ್ ಇನ್ನೊಮ್ಮೆ ದುಪ್ಪಟ್ಟಾಗಿದೆ. ಹಾಗಾಗಿ ಒಂದು ಜೀನ್ ಹುಡುಕಿದರೆ ಎರಡು ಸಿಗುತ್ತವೆ, ಎರಡೂ ಒಂದೇ ಕೆಲಸ ಮಾಡುತ್ತಿರಬೇಕೆಂದೇನಿಲ್ಲ.

ಮುಖ್ಯವಾಗಿ, ಹೊಸ ಗುಂಪಿಗೆ ಹೆಸರಿಡುವಾಗ ವಿಜ್ಞಾನಿಗಳು ಇಲಿಯ ಮತ್ತು ಮನುಷ್ಯರ ಪಟ್ಟಿಯನ್ನೇ ನೋಡುತ್ತಾರೆ. 'ಬಿ ಕೋಶ' ಎಂದ ಕೂಡಲೇ ಪ್ರತಿಕಾಯ ತಯಾರಿಸುವುದಷ್ಟೇ ಅದರ ಕೆಲಸ ಎಂದುಕೊಳ್ಳುತ್ತೇವೆ. ಆದರೆ 2006ರಲ್ಲಿ ಟ್ರೌಟ್‌ನ ಬಿ ಕೋಶಗಳು ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲುವುದು ಪ್ರಯೋಗದಲ್ಲಿ ಕಂಡುಬಂತು. ಆಮೇಲೆ ಇಲಿಯಲ್ಲೂ ಹುಡುಕಿದಾಗ, ಕೆಲವು ಬಿ ಕೋಶಗಳು ಅಲ್ಲಿಯೂ ಅದನ್ನೇ ಮಾಡುತ್ತಿದ್ದವು. ಮೀನನ್ನು ನೋಡಿದ್ದರಿಂದ ನಮ್ಮ ವರ್ಗದ ಪ್ರಾಣಿಗಳ ಬಗ್ಗೆ ಹೊಸದೊಂದು ತಿಳಿಯಿತು.

ಹಾಗಾಗಿ ಸೀಕ್ವೆನ್ಸಿಂಗ್ ಕೊಡುವುದು ತೀರ್ಪನ್ನಲ್ಲ, ಒಂದು ಹಾಜರಿ ಪಟ್ಟಿಯನ್ನು. ಪಟ್ಟಿಯಲ್ಲಿರುವ ಒಬ್ಬೊಬ್ಬರ ಕೆಲಸ ಏನೆಂದು ಜೀನ್ ತೆಗೆದು, ಸೋಂಕು ಕೊಟ್ಟು, ಕಾದು ನೋಡಿಯೇ ತಿಳಿಯಬೇಕು. ಜೀಬ್ರಾ ಮೀನಿನ ಪಟ್ಟಿ ರೋಹುವಿಗೆ ನಡೆಯದಿರಬಹುದು, ಸಾಲ್ಮನ್ ಪಟ್ಟಿ ಕಾಡ್‌ಗೆ ಖಂಡಿತ ನಡೆಯುವುದಿಲ್ಲ. ಯಾವ ಮೀನನ್ನು ಸಾಕುತ್ತೇವೋ ಆ ಮೀನಿನ ಪಟ್ಟಿಯನ್ನೇ ತಯಾರಿಸಬೇಕು. ಅದಕ್ಕೆ ಬೇಕಾದ ಯಂತ್ರ ಮತ್ತು ವಿಧಾನ ಈಗ ಕೈಯಲ್ಲಿವೆ.